ನಲವತ್ತೇಳನೆಯ ಹಾವಿನ ಕಣ್ಣು

ಮೇಷ್ಟ್ರ ಹೆಣ ಸಿಕ್ಕಿದ್ದು ಜಲಾಶಯದ ಪಂಪ್‌ಹೌಸಿನ ಹಿಂದೆ, ಜೊಂಡಿನ ನಡುವೆ. ಬೆಳಗ್ಗೆ ಆರು ಗಂಟೆಗೆ. ಮುಖ ನೀರಿನಲ್ಲಿತ್ತು. ತಲೆಯ ಹಿಂಭಾಗ ಒಡೆದಿತ್ತು. ಹಾವು ಹಿಡಿಯುವ ಕೊಕ್ಕೆ ಇನ್ನೂ ಬಲಗೈಯಲ್ಲೇ ಇತ್ತು. ಹತ್ತು ಹೆಜ್ಜೆ ದೂರದಲ್ಲಿ ದೋಣಿಯ ಹುಟ್ಟು. ಅದರ ಅಂಚಿಗೆ ರಕ್ತ.

ಎಂಟು ಗಂಟೆಯ ಹೊತ್ತಿಗೆ ದೋಣಿಯವನು ಲಾಕಪ್ಪಿನಲ್ಲಿದ್ದ.

ಅವಳಿಗೆ ಸುದ್ದಿ ಮುಟ್ಟಿದ್ದು ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ. ಅಲ್ಲಿ ಅವಳದೊಂದು ಮೇಜು, ಒಂದು ಕಂಪ್ಯೂಟರು, ಗೋಡೆಯುದ್ದಕ್ಕೂ ಹಾವಿನ ಜಾಡಿಗಳು. ಜಲಾಶಯದ ಸರ್ವೆಯವರು ಕಳಿಸುವ ಫೋಟೋ ನೋಡಿ ನೀರುಹಾವುಗಳನ್ನು ಗುರುತಿಸುವುದು ಅವಳ ಕೆಲಸ. ಜಾತಿಯನ್ನಷ್ಟೇ ಅಲ್ಲ, ಇಂಥದೇ ಹಾವು ಎಂದು. ಒಂದರ ಹೊಟ್ಟೆಯ ಮಚ್ಚೆ ಇನ್ನೊಂದಕ್ಕಿರುವುದಿಲ್ಲ, ಬೆರಳಚ್ಚಿನ ಹಾಗೆ. ಕಲಿಸಿದವರು ಸರ್ವೆಯ ಮುಖ್ಯಸ್ಥರಾದ ಮೇಷ್ಟ್ರೇ.

ಅವಳು ಅಳಲಿಲ್ಲ. ಬ್ಯಾಗು ಹೆಗಲಿಗೇರಿಸಿ ಠಾಣೆಗೆ ಹೋದಳು.

* * *

"ಹುಟ್ಟು ನಂದೇ ಅಕ್ಕ. ದಡದಲ್ಲಿ ಒರಗಿಸಿಟ್ಟಿದ್ದೆ. ಯಾರು ಬೇಕಾದ್ರೂ ಎತ್ಕೋಬಹುದು," ದೋಣಿಯವನು ಕಂಬಿ ಹಿಡಿದು ಹೇಳಿದ.

"ನಿನ್ನೆ ಜಗಳ ಆಡಿದ್ರಂತೆ?"

"ದಿನಾ ಆಡ್ತಿದ್ವಿ. ದೋಣಿಗೆ ನೀರು ನುಗ್ಗುತ್ತೆ ಅಂತ ಅವರು, ನೀವು ಹೊಟ್ಟೆ ಕರಗಿಸಿ ಅಂತ ನಾನು. ಇಪ್ಪತ್ತು ವರ್ಷದಿಂದ ಇದೇ ಮಾತು." ನಗಲು ಹೋಗಿ ಅವನ ಬಾಯಿ ಸೊಟ್ಟಗಾಯಿತು. "ಇನ್ನು ಯಾರ ಹತ್ರ ಆಡ್ಲಿ?"

"ಎಲ್ಲಿಗೆ ಹೋಗಿದ್ರಿ?"

"ಬೆಳಗ್ಗೆ ಆಚೆ ದಡಕ್ಕೆ. ಇಸ್ತ್ರಿ ಸಾಹೇಬ್ರ ಜಾಗಕ್ಕೆ. ಅವರು ಇರ್ಲಿಲ್ಲ. ಮೇಷ್ಟ್ರು ಒಂದು ಹಾವು ಹಿಡಿದು, ಫೋಟೋ ತೆಗೆದು ಬಿಟ್ರು. ವಾಪಸ್ ಬರೋವಾಗ ತುಟಿ ಪಿಟಕ್ ಅನ್ನಲಿಲ್ಲ."

ಇಸ್ತ್ರಿ ಸಾಹೇಬ ಎಂದರೆ ಸರ್ವೆಯ ಸಹಾಯಕ. ಆಚೆ ದಡದ ಜವುಗಿಗಿಳಿದು ಹಾವುಗಳ ಫೋಟೋ ತೆಗೆಯುವ ಕೆಲಸ, ಆದರೂ ಪ್ಯಾಂಟಿನ ಗೆರೆ ಮಾಸುತ್ತಿರಲಿಲ್ಲ. ಹೆಸರಿಟ್ಟವನು ದೋಣಿಯವನೇ.

ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಅವನ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಮೇಷ್ಟ್ರ ಫೋನು ಇತ್ತು.

"ಮೇಡಂ, ಸಾವು ಸಂಜೆ ನಾಲ್ಕರಿಂದ ಐದರೊಳಗೆ. ಸಹಾಯಕ ಆಗ ಆಚೆ ದಡದಲ್ಲಿದ್ದ. ರಸ್ತೇಲಿ ಎರಡು ಗಂಟೆ ದಾರಿ, ದೋಣಿ ಇರೋದು ಇವನದೊಂದೇ. ನಾಲ್ಕೂ ಇಪ್ಪತ್ತಕ್ಕೆ ತೆಗೆದ ಹಾವಿನ ಫೋಟೋ ಕೊಟ್ಟಿದ್ದಾನೆ. ಇವನು ಆಗ ಎಲ್ಲಿದ್ದ ಅನ್ನೋದಕ್ಕೆ ಯಾವ ಸಾಕ್ಷೀನೂ ಇಲ್ಲ. ಸಂಜೆ ಕೋರ್ಟಿಗೆ ಕರ್ಕೊಂಡು ಹೋಗ್ತೀನಿ."

"ಆ ಫೋಟೋ ನಂಗೆ ಕೊಡಿ."

"ಹಾವನ್ನ ವಿಚಾರಣೆ ಮಾಡ್ತೀರಾ?"

"ನಂಗೆ ಗೊತ್ತಿರೋದು ಅದೊಂದೇ."

* * *

ಕತ್ತಿನಿಂದ ಕೆಳಗೆ ಹೊಟ್ಟೆಯ ಪಟ್ಟಿಗಳನ್ನು ಎಣಿಸಿದಳು. ನಾಲ್ಕನೆಯದರಲ್ಲಿ ಎಡಕ್ಕೆ ಮಚ್ಚೆ. ಏಳರಲ್ಲಿ ಜೋಡಿ. ಹನ್ನೊಂದು ಖಾಲಿ. ಸರ್ವೆಯ ದಾಖಲೆಯಲ್ಲಿ ನಲವತ್ತೇಳನೆಯ ಹಾವು. ಆಚೆ ದಡದ್ದೇ.

ಸಹಾಯಕ ಹೇಳಿದ್ದು ನಿಜ ಎಂದಾಯಿತು.

ಆಗ ತನ್ನ ಫೋನು ನೆನಪಾಯಿತು. ನಿನ್ನೆ ಬೆಳಗ್ಗೆ ಎಂಟಕ್ಕೆ ಮೇಷ್ಟ್ರು ಒಂದು ಫೋಟೋ ಕಳಿಸಿದ್ದರು. 'ಇದು ಯಾವುದು ನೋಡಮ್ಮ. ಬೇಗ ಹೇಳು.' ನಾಳೆ ನೋಡಿದರಾಯಿತು ಎಂದುಕೊಂಡಿದ್ದಳು.

ಈಗ ತೆರೆದಳು. ನಾಲ್ಕರಲ್ಲಿ ಎಡಕ್ಕೆ. ಏಳರಲ್ಲಿ ಜೋಡಿ. ಅದೇ ಹಾವು.

ಎರಡು ಫೋಟೋಗಳನ್ನೂ ಪಕ್ಕಪಕ್ಕ ಇಟ್ಟಳು. ಈ ಸಲ ಹೊಟ್ಟೆ ಬಿಟ್ಟು ತಲೆ ನೋಡಿದಳು. ಆಮೇಲೆ ಹಿಂದಿನ ತಿಂಗಳುಗಳ ಫೋಟೋಗಳನ್ನೆಲ್ಲ ತೆಗೆದಳು.

* * *

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕರೆಸಿದ್ದ ಸಹಾಯಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಪೊರೆ ಬಿಡೋ ಮುಂಚೆ ಹಾವಿನ ಕಣ್ಣು ಹಾಲಿನ ಹಾಗೆ ಮಸುಕಾಗುತ್ತೆ," ಅವಳು ಇನ್ಸ್‌ಪೆಕ್ಟರಿಗೆ ಹೇಳಿದಳು. "ಮೇಷ್ಟ್ರ ಫೋಟೋ ನೋಡಿ. ಕಣ್ಣು ತಿಳಿಯಾಗಿದೆ, ಮೈ ಹೊಳೀತಿದೆ, ಬಾಲಕ್ಕೆ ಹಳೆ ಪೊರೆ ಚೂರು ಅಂಟಿದೆ. ಆಗಷ್ಟೇ ಪೊರೆ ಬಿಟ್ಟಿದೆ. ಅದೇ ಸಂಜೆ ಇವರ ಫೋಟೋದಲ್ಲಿ ಅದೇ ಹಾವಿಗೆ ಮಸುಕುಗಣ್ಣು. ಮತ್ತೆ ಹಾಗಾಗೋಕೆ ವಾರಗಟ್ಟಲೆ ಬೇಕು."

"ಬೇರೆ ಹಾವಿರಬಹುದು," ಅಂದ ಸಹಾಯಕ.

"ಮಚ್ಚೆ ಎಣಿಸಿ ತೋರಿಸ್ಲಾ?"

ಅವನು ಕಾಲು ಕೆಳಗಿಳಿಸಿದ.

"ನಾಲ್ಕು ತಿಂಗಳಿಂದ ಈ ಹಾವಿಗೆ ಪ್ರತಿ ಸಲವೂ ಮಸುಕುಗಣ್ಣು. ಗಲ್ಲದ ಕೆಳಗೆ ಅದೇ ಹುಲ್ಲಿನ ಎಳೆ. ಒಂದೇ ದಿನ ತೆಗೆದ ಫೋಟೋಗಳ ದಿನಾಂಕ ತಿದ್ದಿ, ತಿಂಗಳಿಗೊಂದರಂತೆ ಕಳಿಸಿದೀರಿ. ಜವುಗಿಗೆ ಇಳಿದೇ ಇಲ್ಲ. ಮೇಷ್ಟ್ರಿಗೆ ಅನುಮಾನ ಬಂತು, ಹೋಗಿ ನೋಡಿದ್ರು. ನಿನ್ನೆ ನಿಮಗೆ ಬೇಕಾಗಿದ್ದೂ ಅಂಥದೇ ಒಂದು ಫೋಟೋ. ಅಭ್ಯಾಸ ಇತ್ತಲ್ಲ."

ಇನ್ಸ್‌ಪೆಕ್ಟರ್ ಸಹಾಯಕನ ಗೆರೆ ಮಾಸದ ಪ್ಯಾಂಟನ್ನೇ ನೋಡುತ್ತಿದ್ದ.

"ಮೇಷ್ಟ್ರೇ ಪಂಪ್‌ಹೌಸಿಗೆ ಕರೆಸಿದ್ರು," ಸಹಾಯಕ ಕೊನೆಗೆ ಹೇಳಿದ. "ಕೆಲಸ ಕಳೀಬೇಡಿ ಅಂತ ಕಾಲು ಹಿಡ್ಕೊಂಡೆ. ವರದಿ ಕೊಟ್ಟೇ ಕೊಡ್ತೀನಿ ಅಂತ ಬೆನ್ನು ತಿರುಗಿಸಿದ್ರು. ಹುಟ್ಟು ಅಲ್ಲೇ ಇತ್ತು."

* * *

ಕಂಬಿಯೊಳಗಿಂದ ಎಲ್ಲ ಕೇಳಿಸಿಕೊಂಡಿದ್ದ ದೋಣಿಯವನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ.

"ಅಕ್ಕ, ನಾಲ್ಕು ತಿಂಗಳಿಂದ ಅದೇ ಕಣ್ಣು, ಅದೇ ಹುಲ್ಲು. ಕಾಣಿಸ್ಲಿಲ್ವಾ?"

"ನಾನು ಹೊಟ್ಟೆ ಮಾತ್ರ ನೋಡ್ತಿದ್ದೆ."

"ನಿನ್ನೆ ಬೆಳಗ್ಗೆ ಅವರು ಕಳಿಸಿದ್ದು?"

"ಇವತ್ತು ನೋಡಿದೆ."

ಅವಳು ಮೆಟ್ಟಿಲ ಮೇಲೆ ನಿಂತು ಫೋನು ತೆಗೆದಳು. ಮೇಷ್ಟ್ರ ಪ್ರಶ್ನೆಯ ಕೆಳಗೆ 'ನಲವತ್ತೇಳು' ಎಂದು ಬರೆದು ಕಳಿಸಿದಳು.

ಹಿಂದೆ, ಇನ್ಸ್‌ಪೆಕ್ಟರನ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ ಒಂದು ಫೋನು ಗುಂಯ್‌ಗುಟ್ಟಿ ಸುಮ್ಮನಾಯಿತು.