ಕಂಪನಿ ಪರವಾಗಿ ಅಲ್ಲ

ದೊಡ್ಡ ಪಿಆರ್ ಏಜೆನ್ಸಿಗೆ ಹೊಸದಾಗಿ ಸೇರಿದ್ದ ಶ್ರೀವಾಣಿಯ ಕೆಲಸವೆಂದರೆ ಮಾತಾಡುವುದು. ಬ್ಯಾಡಗಿಯ ಮೆಣಸಿನಪುಡಿ ಕಂಪನಿಯೊಂದರ ಸುದ್ದಿಗಳನ್ನು ಪತ್ರಕರ್ತರಿಗೆ ಕಳಿಸಬೇಕು, ಫೋನಿನಲ್ಲಿ ನಗುನಗುತ್ತ ನೆನಪಿಸಬೇಕು. ಸಂಜೆ ರಾಣೆಬೆನ್ನೂರಿನ ಬಾಡಿಗೆ ರೂಮಿಗೆ ಮರಳಿದರೆ ಮಾತಾಡಲು ಒಬ್ಬರೂ ಇಲ್ಲ. ಗದಗಿನಿಂದ ಬಂದು ಒಂದು ಮಳೆಗಾಲ ಕಳೆದರೂ ಅವಳನ್ನು ಹೆಸರು ಹಿಡಿದು ವಿಚಾರಿಸುವವನು ಒಬ್ಬನೇ: ಹಾವೇರಿಯ ಪತ್ರಿಕೆಯೊಂದರ ವರದಿಗಾರ ಹುಲಿಗೇಶ.

ಅವಳ ಸುದ್ದಿಗಳನ್ನು ಅವನು ಹಾಕುತ್ತಿದ್ದುದು ಅಪರೂಪ. ಆದರೂ ಫೋನ್ ಇಡುತ್ತಿರಲಿಲ್ಲ.

"ಊಟ ಆತೇನ್ರಿ, ಶ್ರೀವಾಣಿ?"

"ಆತ್ರಿ. ನಮ್ಮ ಸುದ್ದಿ ಹಾಕ್ತೀರೇನು?"

"ಅದನ್ನ ಬಿಟ್ಟು ಬ್ಯಾರೆ ಏನರ ಕೇಳ್ರಿ."

ಅವಳು ನಗುತ್ತಿದ್ದಳು. ಆ ನಗು ಸಂಬಳದ್ದೋ, ತನ್ನದೋ ಎಂದು ಆಮೇಲೆ ಒಬ್ಬಳೇ ಕೂತು ಯೋಚಿಸುತ್ತಿದ್ದಳು.

ಒಂದು ದಿನ ಬೆಂಗಳೂರಿನಿಂದ ಬಾಸ್ ರಂಜನಾ ಮೇಡಂ ಫೋನ್ ಮಾಡಿದರು. ಪುಡಿ ಮಾಡುವ ಹೆಂಗಸರಿಗೆ ಕಂಪನಿ ಮಾಸ್ಕ್ ಕೂಡ ಕೊಡುತ್ತಿಲ್ಲವೆಂದು ಹುಲಿಗೇಶ ಬರೆಯುತ್ತಿದ್ದಾನಂತೆ. "ನಿನ್ನ ಮಾತು ಕೇಳ್ತಾನೆ. ಹೇಗಾದ್ರೂ ನಿಲ್ಲಿಸು."

ಬ್ಯಾಡಗಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಬ್ಬರೂ ಮೊದಲ ಸಲ ಎದುರುಬದುರು ಕೂತರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅವಳನ್ನೇ ನೋಡುತ್ತ ಚಹಾ ಚೆಲ್ಲಿಕೊಂಡ. ಅವಳು ಬಂದ ಕಾರಣ ಹೇಳುತ್ತಲೇ ಅವನ ಮುಖ ಸಣ್ಣದಾಯಿತು.

"ಅಂದ್ರ ಇದೂ ಡ್ಯೂಟಿನ?"

"ಕಂಪನಿ ಹೇಳಂದಿತ್ತು, ಹೇಳೀನಿ. ಮುಗೀತು." ಅವಳು ಚಹಾದ ಲೋಟ ಪಕ್ಕಕ್ಕೆ ಸರಿಸಿದಳು. "ಈಗ ನಾನು ಹೇಳಾಕತ್ತೇನಿ, ಬರೀರಿ. ಫ್ಯಾಕ್ಟರಿ ಫೋಟೋ ತೆಗ್ಯಾಕ ಹೋದಾಗ ಪುಡಿ ಘಾಟಿಗೆ ಕೆಮ್ಮಿ ಕೆಮ್ಮಿ ಹೊರಗ ಓಡಿ ಬಂದೆ. ಆ ಹೆಂಗಸರು ದಿನಾ ಅಲ್ಲೇ ಇರ್ತಾರ."

"ನಿಮ್ಮ ಕೆಲಸ ಹೋದೀತ್ರಿ."

"ಗೊತ್ತೈತಿ."

ವರದಿ ಬಂತು. ಹೆಂಗಸರಿಗೆ ಮಾಸ್ಕ್ ಸಿಕ್ಕವು. ಶ್ರೀವಾಣಿಯ ಕೆಲಸ ಹೋಯಿತು. ರೂಮು ಖಾಲಿ ಮಾಡಿ, ಗದಗಿನ ಬಸ್ ಹಿಡಿಯಲು ಹಾವೇರಿಯಲ್ಲಿ ಇಳಿದಳು. ಫೋನ್ ಕೈಗೆತ್ತಿಕೊಂಡಳು. ಅವನಿಗೆ ಕರೆ ಮಾಡಲು ಈಗ ನೆಪವೇ ಇರಲಿಲ್ಲ. ಎದೆ ಗಟ್ಟಿ ಮಾಡಿಕೊಂಡು ಮಾಡಿಯೇಬಿಟ್ಟಳು.

ಅವನು ಏದುಸಿರು ಬಿಡುತ್ತ ಬಂದ. ಅವಳು ಆಗಲೇ ಗದಗಿನ ಬಸ್ ಹತ್ತಿ ಕೂತಿದ್ದಳು. ಕಂಡಕ್ಟರ್ ಸೀಟಿ ಊದಿದ ಮೇಲೆ ಕಿಟಕಿಗೆ ಕೈಹಚ್ಚಿ ಕೇಳಿದ, "ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನೀಗೆ ಬರ್ಲೇನ್ರಿ?"

ಅವಳಿಗೆ ಕಣ್ಣು ತುಂಬಿ ಬಂತು.

"ರವಿವಾರ ಬರ್ರಿ. ಅಪ್ಪ ಮನ್ಯಾಗ ಇರ್ತಾರ."

ಬಸ್ ಹೊರಟಿತು. ಪಕ್ಕದ ಸೀಟು ಖಾಲಿಯಿತ್ತು. ಅವನಿಗೆ ಕಾದಿರಿಸಿದಂತೆ, ಗದಗಿನ ತನಕ ಅವಳು ಅಲ್ಲಿ ಚೀಲ ಇಡಲಿಲ್ಲ.