ಹೊಸ್ತಿಲಲ್ಲಿ ಹೇಳುವ ಹೆಸರು

ಪೋಸ್ಟರಿನಲ್ಲಿ ಎಲ್ಲರ ಹೆಸರೂ ಇತ್ತು. ಆರ್ಕೆಸ್ಟ್ರಾ ನಡೆಸುವವರದು, ಪಿಯಾನೋ ಕೊಟ್ಟವರದು, ಕಡೆಗೆ ಸಮೋಸಾ ಕಳಿಸಿದ ಅಂಗಡಿಯದೂ. ಸಂಗೀತ ಬರೆದವನ ಹೆಸರು ಮಾತ್ರ ಇರಲಿಲ್ಲ.

ದೀಪಾಲಿಗೆ ಮೈಯೆಲ್ಲ ಉರಿದುಹೋಯಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಯೂನಿಯನ್ ಸಿಟಿಯ ಈ ಹಾಲಿನವರೆಗೆ, ಆ ದರಿದ್ರ ಟ್ರಾಫಿಕ್ಕಿನಲ್ಲಿ ವಯೊಲಿನ್ ಹೊತ್ತುಕೊಂಡು ಬಂದದ್ದು ಇದನ್ನು ನೋಡುವುದಕ್ಕೆಯೇ?

ಬರೆದವನು, ಅವಳು ಮದುವೆಯಾಗಬೇಕೆಂದಿದ್ದವನು, ಒಳಗೆ ಕುರ್ಚಿ ಜೋಡಿಸುತ್ತಿದ್ದ. ತನ್ನ ದೇಶದಲ್ಲಿ ಪೊಲೀಸರು ಕೊಂದ ವಿದ್ಯಾರ್ಥಿಗಳಿಗಾಗಿ ಅವನು ಕಟ್ಟಿದ ಸಂಗೀತ ಅದು. ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿ, ಅವನನ್ನು ಜೈಲಿಗೆ ಹಾಕಿ, ಆಮೇಲೆ ದೇಶದಿಂದಲೇ ಅಟ್ಟಿತ್ತು. ಅವರಿಬ್ಬರ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಸಿಟ್ಟು ಬಂದರೆ ಮಾತ್ರ ದೀಪಾಲಿ ಸೀದಾ ಧಾರವಾಡದ ಕನ್ನಡಕ್ಕೆ ಇಳಿಯುತ್ತಿದ್ದಳು. ಆ ಕನ್ನಡ ಅವನಿಗೆ ಈಗ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು.

“ನಿನ್ನ ಹೆಸರು ಯಾರು ತಗಸಿದ್ರು?”

“ನಾನೇ.”

“ಇಷ್ಟು ಅಂಜುಬುರಕ ಇದ್ದಿ ಅಂತ ಗೊತ್ತಿರಲಿಲ್ಲ ನಂಗ.”

ಅವನ ಕಣ್ಣು ಅವಳ ಮುಖ ತಪ್ಪಿಸಿ, ಅವಳ ಕೈಯಲ್ಲಿದ್ದ ವಯೊಲಿನ್ ಕಮಾನಿನ ಮೇಲೆ ನಿಂತಿತು. “ನನ್ನ ತಂಗಿಯನ್ನು ಠಾಣೆಗೆ ಕರೆಸಿದ್ದರು. ನನ್ನ ಹೆಸರು ಇನ್ನೊಮ್ಮೆ ಎಲ್ಲಿ ಕೇಳಿಸಿದರೂ ಅವಳನ್ನು ಒಳಗೆ ಹಾಕುತ್ತಾರಂತೆ. ನಿನಗೆ ಹೇಳಲು ನಾಚಿಕೆಯಾಯಿತು.”

ನಾಚಿಕೆ ಇವನಿಗಂತೆ! ನಾಚಬೇಕಾದವರು ಅಲ್ಲಿ ಹೊಟ್ಟೆ ತುಂಬ ಉಂಡು ಹಾಯಾಗಿದ್ದಾರೆ. ದೀಪಾಲಿಯ ಸಿಟ್ಟು ತಣಿಯಲಿಲ್ಲ, ದಿಕ್ಕು ಬದಲಿಸಿತು. ಅವಳು ಅದೇ ಸಿಟ್ಟಿನಲ್ಲಿ ನುಡಿಸಿದಳು.

ಮುಗಿದಾಗ ಸಭೆಯೆಲ್ಲ ಎದ್ದು ನಿಂತಿತು. ಹಿಂದಿನ ಸಾಲಿನಲ್ಲಿ ಅವನೂ ನಿಂತು, ಯಾರದೋ ಸಂಗೀತವೆಂಬಂತೆ ಚಪ್ಪಾಳೆ ತಟ್ಟುತ್ತಿದ್ದ. ದೀಪಾಲಿಗೆ ನೋಡಲಾಗಲಿಲ್ಲ.

ಪಾರ್ಕಿಂಗಿನಲ್ಲಿ ಅವಳೇ ಮಾತು ತೆಗೆದಳು. “ನಮ್ಮಜ್ಜಿ ದ್ಯಾಮವ್ವ ಗಂಡನ ಹೆಸರು ಹೇಳತಿರಲಿಲ್ಲ.”

“ಯಾರು ತಡೆದಿದ್ದರು?” ಅವನು ಗಾಬರಿಯಿಂದ ಕೇಳಿದ.

ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು. “ಯಾರೂ ಇಲ್ಲ. ಪದ್ಧತಿ. ಆದ್ರ ಮದುವಿ ಆಗಿ ಮನಿಗೆ ಬಂದ ದಿನ ಹೊಸ್ತಿಲದಾಗ ತಡೀತಾರ. ಗಂಡನ ಹೆಸರು ಒಡಪು ಕಟ್ಟಿ, ಹಾಡಿನ ಗತೆ ಹೇಳಿದ್ರನ ಒಳಗ ಬಿಡೂದು.”

“ನನ್ನ ಹೆಸರು ಬಹಳ ಉದ್ದ.” ಅವನ ಕಣ್ಣಂಚಿನಲ್ಲಿ ಅಂದು ಮೊದಲ ಬಾರಿಗೆ ತುಂಟತನ ಮಿನುಗಿತು. “ಒಡಪಿನಲ್ಲಿ ಕೂರುತ್ತದೆಯೇ?”

“ಕೂಡಸ್ತೀನಿ. ಬಾಗಿಲದಾಗ ಅಡ್ಡ ನಿಲ್ಲಾಕಿ ಯಾರು, ಗೊತ್ತೇನು? ಗಂಡನ ತಂಗಿ.”

ಅವನು ಕಾರಿನ ಬಾಗಿಲಿಗೆ ಒರಗಿ ನಿಂತ.

“ಆಕಿ ಇಲ್ಲಿಗೆ ಬರೂತನಕ ಕಾಯ್ತೀನಿ. ಆಕಿ ಅಡ್ಡ ನಿಂತು ಕೇಳಿದ ದಿನ ಓಣಿಗೆಲ್ಲ ಕೇಳಂಗ ಹೇಳ್ತೀನಿ. ಯಾವ ಸರ್ಕಾರ ಬ್ಯಾಡ ಅಂತದ, ನೋಡೂಣು.” ಅವಳು ಅವನ ಕೈ ಹಿಡಿದುಕೊಂಡಳು. “ಈಗ ನನ್ನ ಕಿವ್ಯಾಗ ಹೇಳು. ಪೂರ್ತಿ.”

ಅವನು ಬಾಗಿ ಹೇಳಿದ. ಅವಳು ಒಂದಕ್ಷರವೂ ತಪ್ಪದಂತೆ, ಸಿಟ್ಟಿನಲ್ಲೇ, ಅವನ ಕಿವಿಯಲ್ಲಿ ಅದನ್ನು ತಿರುಗಿ ಹೇಳಿದಳು.

ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಅವನ ತಂಗಿ ಇನ್ನೂ ಅಲ್ಲೇ ಇದ್ದಾಳೆ.