ಟ್ರೇಗೆ ಇಪ್ಪತ್ನಾಲ್ಕು

ಗಿರಾಕಿ ಕಂಪನಿಯ ಖರೀದಿ ಅಧಿಕಾರಿ ಮೇಜಿನ ಮೇಲಿಟ್ಟ ಪತ್ರ ಓದುತ್ತಲೇ ಅಣ್ಣನ ಮುಖ ಕಪ್ಪಿಟ್ಟಿತು. ಸರ್ವರ್‌ಗಳಿಗೆ ಪ್ರೊಸೆಸರ್ ಚಿಪ್ ಮಾಡುವ ಕಂಪನಿ ಅವನದು. ಅವನ ಗುಟ್ಟಿನ ಬೆಲೆಗಿಂತ ಎದುರಾಳಿ ಕಂಪನಿ ಸರಿಯಾಗಿ ನೂರಕ್ಕೆ ಒಂದರಷ್ಟು ಕಡಿಮೆ ಬರೆದಿತ್ತು!

"ಅವರ ಪತ್ರ ಬಂದಿದ್ದು ಸೋಮವಾರ. ನಿಮ್ಮದು ಬುಧವಾರ," ಎಂದರು ಅಧಿಕಾರಿ. "ನೂರಕ್ಕೆ ಹತ್ತು ಇಳಿಸಿ, ಆರ್ಡರ್ ನಿಮ್ಮದೇ."

ಹತ್ತು ಇಳಿಸಿದರೆ ಕಂಪನಿಯೇ ಮುಳುಗುತ್ತಿತ್ತು. ಆದರೆ ಅಣ್ಣ ಹರಿಹಾಯ್ದದ್ದು ಪಕ್ಕದಲ್ಲೇ ಕೂತಿದ್ದ ತಂಗಿಯ ಮೇಲೆ. ಸೋಮವಾರ ಆ ಬೆಲೆ ಗೊತ್ತಿದ್ದದ್ದು ಇಬ್ಬರಿಗೇ—ಅವನಿಗೆ, ಬೆಲೆಪತ್ರ ಬರೆದ ಅವಳಿಗೆ. ಸಾಲದ್ದಕ್ಕೆ ಅವಳು ಮೊದಲು ಮೂರು ವರ್ಷ ಅದೇ ಎದುರಾಳಿಯ ಪ್ಯಾಕಿಂಗ್ ವಿಭಾಗದಲ್ಲಿದ್ದವಳು.

"ನೀನೇ ಹೇಳಿದ್ಯಾ?"

"ಒಡಹುಟ್ಟಿದವಳನ್ನ ಹೀಗೆ ಕೇಳೋಕೆ ನಾಲಿಗೆ ಹೇಗೆ ಬಂತೋ ನಿಂಗೆ?"

"ಮತ್ಯಾರು ಹೇಳ್ತಾರೆ? ಇವತ್ತೇ ಕೆಲಸ ಬಿಡು!"

ಅವಳಿಗೆ ಮೈಯೆಲ್ಲ ಉರಿಯಿತು. "ಬಿಡಲ್ಲ. ಮೊದಲು ಆ ಪತ್ರ ಕೊಡು."

ಬೆಲೆಯ ಸಾಲನ್ನು ಅವಳು ನೋಡಲೂ ಇಲ್ಲ. ಕೆಳಗಿನದನ್ನು ಜೋರಾಗಿ ಓದಿದಳು: 'ಒಟ್ಟು ಎಂಬತ್ನಾಲ್ಕು ಟ್ರೇ. ಟ್ರೇಗೆ ಇಪ್ಪತ್ನಾಲ್ಕು ಚಿಪ್.'

"ಇದು ಅವರೇ ಕಳಿಸಿದ್ದಾ ಸಾರ್? ನೀವೇನೂ ತಿದ್ದಿಲ್ಲ?"

"ಒಂದಕ್ಷರಾನೂ ಮುಟ್ಟಿಲ್ಲಮ್ಮ."

"ಅವರ ಚಿಪ್ ಕಣ್ಣಾರೆ ನೋಡಿದೀರಾ?"

"ಬೆಲೆ ಕೇಳೋನಿಗೆ ಅದೆಲ್ಲ ಯಾಕೆ?"

"ಅಲ್ಲೇ ನೀವು ಸಿಕ್ಕಿಬಿದ್ದಿದ್ದು," ಎಂದಳು. "ಅವರ ಚಿಪ್ ಅಂಗೈಯಗಲ ಇದೆ. ಟ್ರೇಗೆ ಹನ್ನೆರಡೇ ಹಿಡಿಸೋದು. ಮೂರು ವರ್ಷ ನಾನೇ ತುಂಬಿದೀನಿ. ಟ್ರೇಗೆ ಇಪ್ಪತ್ನಾಲ್ಕು ಕೂರೋದು ನಮ್ಮ ಚಿಪ್ ಮಾತ್ರ! ಅಣ್ಣ, ಇದು ನಮ್ಮದೇ ಪತ್ರದ ನಕಲು. ತಲೆಬರಹ, ತಾರೀಕು, ಬೆಲೆ—ಮೂರೇ ಬದಲಾಗಿರೋದು. ಬುಧವಾರ ನಮ್ಮ ಲಕೋಟೆ ಒಡೆದಿದ್ದು ಯಾರು?"

ಅಣ್ಣ ಅಧಿಕಾರಿಯತ್ತ ತಿರುಗಿದ. ಅವರು ಇಂಗು ತಿಂದ ಮಂಗನಂತೆ ಕುಳಿತಿದ್ದರು.

"ಎದುರಾಳಿ ಬೆಲೆಯನ್ನೇ ಕೊಟ್ಟಿಲ್ಲ, ಅಲ್ವಾ ಸಾರ್?" ಎಂದು ಅವಳು ಕೇಳಿದಳು. "ಅವರ ಹೆಸರಲ್ಲಿ ನಮ್ಮನ್ನ ಹೆದರಿಸೋಕೆ ನೀವೇ ಹುಟ್ಟಿಸಿದ ಕಾಗದ ಇದು."

"ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ," ಎಂದು ಅವರು ಗೊಣಗಿದರು. "ಹೋಗ್ಲಿ, ನಿಮ್ಮ ಬೆಲೆಗೇ ತಗೋತೀನಿ. ಮೇಲಿನವರ ತನಕ ಹೋಗೋದು ಬೇಡ."

ಅಣ್ಣ ತಂಗಿಯ ಮುಖ ನೋಡಿದ.

"ನಿಮ್ಮ ಜೊತೆ ಇನ್ನು ವ್ಯಾಪಾರ ಇಲ್ಲ," ಎಂದಳು ಅವಳು. "ಬೆಲೆ ಏನಿದ್ರೂ ನಿಮ್ಮ ಮೇಲಿನವರಿಗೇ ಹೇಳ್ತೀನಿ. ಒಂದು ಕಾಸೂ ಇಳಿಸಲ್ಲ. ಬೇಕಾದ್ರೆ ತಗೊಳ್ಳಲಿ, ಬೇಡಾಂದ್ರೆ ಬಿಡಲಿ!"

"ತಪ್ಪಾಯ್ತು ಕಣೆ," ಎಂದ ಅಣ್ಣ. ಆ ಮೇಲಿನವರ ನಂಬರನ್ನು ತಾನೇ ಒತ್ತಿ ಫೋನನ್ನು ಅವಳ ಮುಂದೆ ಸರಿಸಿದ.